ಅರ್ಜಿಯಲ್ಲಿ ತಂಬೂರಿಗೆ ಕಾಲಂ ಇಲ್ಲ

ಡಾ. ರಾಜ್‌ಕುಮಾರ್ ನಟನೆಯನ್ನು ಯಾವ ಕಾಲೇಜಿನಲ್ಲಿ ಓದಿದರು? ಆಫೀಸಿನ ಕ್ಯಾಂಟೀನಿನಲ್ಲಿ ಈ ಪ್ರಶ್ನೆ ಕೇಳಿದರೆ ಎಲ್ಲರೂ ನಗುತ್ತಾರೆ. ಅವರು ಶಾಲೆಯನ್ನೇ ಚಿಕ್ಕಂದಿನಲ್ಲಿ ಬಿಟ್ಟವರು ಅನ್ನೋದು ಯಾರಿಗೆ ಗೊತ್ತಿಲ್ಲ? ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಕೇಳಿ ನೋಡಿ. ಹಾಗಾದರೆ ಕಲಿತದ್ದು ಎಲ್ಲಿ? ಇದಕ್ಕೆ ಬರುವ ಉತ್ತರ ಒಂದೇ: "ಅದು ಹುಟ್ಟಿನಿಂದ ಬಂದದ್ದು ಬಿಡಿ." ಈ ಉತ್ತರ ನನಗೆ ಯಾವತ್ತೂ ಹಿಡಿಸಿಲ್ಲ.

ಅವರ ಪೂರ್ತಿ ಹೆಸರು ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಸಿಂಗಾನಲ್ಲೂರು ನಮ್ಮ ಕೊಳ್ಳೇಗಾಲ ಸೀಮೆಯ ಊರು. ನಾನು ಹುಟ್ಟಿ ಬೆಳೆದ ಧನಗೆರೆಯೂ ಅದೇ ಸೀಮೆಯದು. ತಂದೆ ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಾರ್ಟು ಮಾಡುತ್ತಿದ್ದ ನಟರು. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿದ ಮಗ ಅಪ್ಪನ ಹಿಂದೆ ಹಿಂದೆಯೇ ಕಂಪನಿ ಸೇರಿಕೊಂಡ. 1954ರಲ್ಲಿ 'ಬೇಡರ ಕಣ್ಣಪ್ಪ' ಸಿನಿಮಾ ಬರುವ ಹೊತ್ತಿಗೆ ಆ ಮಗನ ಹಿಂದೆ ವರ್ಷಗಟ್ಟಲೆ ರಂಗದ ದುಡಿಮೆ ಇತ್ತು. ಮಾತು, ಹಾಡು, ನಡಿಗೆ, ಮೈಕ್ ಇಲ್ಲದೆ ಹಿಂದಿನ ಸಾಲಿಗೂ ಕೇಳುವ ಹಾಗೆ ಉಸಿರು ಹಿಡಿಯುವುದು, ಎಲ್ಲವನ್ನೂ ಯಾರೋ ಹೇಳಿಕೊಟ್ಟಿದ್ದರು, ಯಾರೋ ಬೈದು ತಿದ್ದಿದ್ದರು. ಅದು ಕೋರ್ಸೇ. ಸರ್ಟಿಫಿಕೇಟ್ ಇರಲಿಲ್ಲ, ಅಷ್ಟೇ.

ಈ ಹಳೇ ವಿಷಯವನ್ನೆಲ್ಲ ನಾನು ಈಗ ಕೆದಕುವುದಕ್ಕೆ ಕಾರಣ ನಮ್ಮಕ್ಕನ ಮಗಳು. ಬಿ.ಎ. ಮುಗಿಸುತ್ತಿದ್ದಾಳೆ. ಮುಂದೆ ರಂಗಭೂಮಿಯ ಕೋರ್ಸ್ ಮಾಡಬೇಕಂತೆ. ಮನೆಯಲ್ಲಿ ಬಿ.ಇ. ಓದಿದವನು ನಾನೊಬ್ಬನೇ ಆದ್ದರಿಂದ ರೇಷನ್ ಕಾರ್ಡಿನಿಂದ ಹಿಡಿದು ಪಾಸ್‌ಪೋರ್ಟಿನವರೆಗೆ 'ಆನ್‌ಲೈನ್' ಅನ್ನಿಸಿಕೊಂಡದ್ದೆಲ್ಲ ನನ್ನ ಪಾಲಿಗೆ ಬರುತ್ತದೆ. ಹಾಗೆ ಈ ಅರ್ಜಿಗಳೂ ಬಂದವು. ಎರಡು ಮೂರು ಸಂಸ್ಥೆಗಳ ಅರ್ಜಿ ತೆಗೆದು ನೋಡಿದೆ. ಎಲ್ಲದರಲ್ಲೂ ಒಂದು ಕಾಲಂ ಮಾತ್ರ ತಪ್ಪದೆ ಇತ್ತು: ಹಿಂದಿನ ತರಬೇತಿ, ಸಂಸ್ಥೆಯ ಹೆಸರು, ಅವಧಿ, ಪ್ರಮಾಣಪತ್ರ.

ಈ ಹುಡುಗಿಯ ಅಪ್ಪನ ಅಪ್ಪ ನೀಲಗಾರರು. ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆಯನ್ನು ರಾತ್ರಿಯಿಡೀ ಹಾಡುವವರು. ಇವಳು ಅವರ ತಂಬೂರಿ ಕೇಳುತ್ತಲೇ ಬೆಳೆದವಳು. ಅರ್ಧ ಕಥೆ ಬಾಯಲ್ಲಿದೆ. ಸಂಸ್ಥೆಯ ಹೆಸರು ಅಂತ ಏನು ಬರೆಯೋದು? ಅವಧಿ ಅಂದರೆ ಹುಟ್ಟಿದಾಗಿನಿಂದ ಅನ್ನೋಣವೇ?

ಆ ಖಾಲಿ ಕಾಲಂ ಮುಂದಿಟ್ಟುಕೊಂಡು ಕೂತಾಗ ನನಗೆ ಹೊಳೆದದ್ದು ಇದು: ನಮ್ಮ ಕಡೆ ಹಾಡು ಕುಣಿತ ನಾಟಕ ಕಲಿಯುವುದಕ್ಕೆ ಮೂರು ಬಾಗಿಲುಗಳಿದ್ದವು. ದೀಕ್ಷೆ, ಕಂಪನಿ, ಅರ್ಜಿ. ಇತಿಹಾಸದಲ್ಲಿ ಬಂದದ್ದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ.

ಮೊದಲನೆಯದು ದೀಕ್ಷೆ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರಿಗೆ ಎರಡು ದೊಡ್ಡ ಕಾವ್ಯಗಳು ಮನೆಯ ಮಾತಿದ್ದಂತೆ: ಮಲೆ ಮಾದೇಶ್ವರನದೊಂದು, ಮಂಟೇಸ್ವಾಮಿಯದೊಂದು. ಮಾದಪ್ಪನ ಕಥೆ ಹಾಡುವವರು ದೇವರಗುಡ್ಡರು, ಅಂದರೆ ಕಂಸಾಳೆಯವರು. ಎಡ ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಕೂತು ಹಾಡಿದರೆ ಕಥೆ, ಎದ್ದು ಬೀಸಿದರೆ ಬೀಸು ಕಂಸಾಳೆ. ಮಂಟೇಸ್ವಾಮಿಯ ಕಥೆ ಹಾಡುವವರು ನೀಲಗಾರರು. ಮುಂದಾಳು ಒಂದು ಕೈಯಲ್ಲಿ ತಂಬೂರಿ ಮೀಟುತ್ತಾ ಇನ್ನೊಂದು ಕೈಯಲ್ಲಿ ಗಗ್ಗರ ಆಡಿಸುತ್ತಾ ಕಥೆ ಎತ್ತುತ್ತಾನೆ. ಡಕ್ಕೆ, ತಾಳದವರು ಹಿಮ್ಮೇಳಕ್ಕೆ. ಚಿಕ್ಕಲ್ಲೂರು ಜಾತ್ರೆಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದು ಪಾಠವಾಗಿ ಹೇಗೆ ನಡೆಯುತ್ತಿತ್ತು ಅನ್ನೋದು ಮುಖ್ಯ. ಗುರುವಿನಿಂದ ದೀಕ್ಷೆ ಆಗಬೇಕು, ಆಮೇಲೆ ಮೇಳದ ಹಿಂದೆ ಕೂರಬೇಕು. ಮೊದಲು ಸೊಲ್ಲು ಹಿಡಿಯುವುದು, ಆಮೇಲೆ ತಾಳ, ಆಮೇಲೆ ಡಕ್ಕೆ, ತಂಬೂರಿ ಕೈಗೆ ಬರುವ ಹೊತ್ತಿಗೆ ಎಷ್ಟೋ ವರ್ಷ. ಮಾದಪ್ಪನ ಕಾವ್ಯ 'ಸಾಲು'ಗಳಲ್ಲಿದೆ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಹೀಗೆ. ಒಂದೊಂದು ಸಾಲನ್ನೂ ಬಾಯಿಪಾಠ ಮಾಡುವುದಲ್ಲ. ಕೂತ ಜನ ನೋಡಿಕೊಂಡು ಎಳೆಯಬೇಕು, ಕುಗ್ಗಿಸಬೇಕು, ಅಳಿಸಬೇಕು, ನಗಿಸಬೇಕು. ಇವತ್ತಿನ ಪಠ್ಯಕ್ರಮದ ಭಾಷೆಯಲ್ಲಿ ಧ್ವನಿ, ತಾಳ, ಅಭಿನಯ, ಆಶು ರಚನೆ ನಾಲ್ಕೂ ಇದರಲ್ಲಿವೆ.

ಆದರೆ ಈ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ನೀಲಗಾರರಲ್ಲಿ ದಲಿತರು ಹೆಚ್ಚು, ಬೇರೆ ಬೇರೆ ಜಾತಿಯ ಒಕ್ಕಲುಗಳೂ ಇದ್ದಾರೆ. ಆ ಮಟ್ಟಿಗೆ ಅದು ದೊಡ್ಡ ಮನಸ್ಸಿನ ಪರಂಪರೆ. ಆದರೂ ದೀಕ್ಷೆ ಸಾಮಾನ್ಯವಾಗಿ ಒಕ್ಕಲಿನ ಮನೆಯ ಗಂಡುಮಗನಿಗೆ. ನಮ್ಮಕ್ಕನ ಮಗಳು ಎಷ್ಟು ಚೆನ್ನಾಗಿ ಹಾಡಿದರೂ ಅವಳ ತಾತನ ತಂಬೂರಿ ಅವಳ ಕೈಗೆ ಬರುವ ರೂಢಿ ಇರಲಿಲ್ಲ. ಅವಳಿಗಿಂತ ಒಂದಾಣೆ ಕಮ್ಮಿ ಹಾಡುವ ಅವಳ ತಮ್ಮನಿಗೆ ಬರುತ್ತಿತ್ತು.

ಎರಡನೆಯ ಬಾಗಿಲು ಕಂಪನಿ. 1880ರ ದಶಕದಲ್ಲಿ ಮೈಸೂರಿನಲ್ಲಿ ಅರಮನೆಯ ಆಶ್ರಯದ ನಾಟಕ ಮಂಡಳಿ ಶುರುವಾಯಿತು. ಅದಕ್ಕಾಗಿ ಬಸವಪ್ಪಶಾಸ್ತ್ರಿಗಳು 'ಶಾಕುಂತಲ'ವನ್ನು ಕನ್ನಡಕ್ಕೆ ತಂದರು. ಅದೇ ದಶಕದಲ್ಲಿ, 1884ರಲ್ಲಿ, ಗುಬ್ಬಿ ಕಂಪನಿ ಹುಟ್ಟಿತು. ನಮ್ಮ ತಾಲೂಕಿನ ಪಾಡು ಬೇರೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರು ಅರಮನೆ ಕೂಗಳತೆಯಲ್ಲಿದ್ದರೂ ಅದರ ಆಶ್ರಯ ನಮ್ಮದಲ್ಲ. ಕಂಪನಿಗೆ ಮಾತ್ರ ಗಡಿ ಇರಲಿಲ್ಲ. ಟೆಂಟು ಹಾಕಿದ ಕಡೆ ಅದರ ಊರು. ಆದ್ದರಿಂದಲೇ ಸಿಂಗಾನಲ್ಲೂರಿನವರೊಬ್ಬರು ಗುಬ್ಬಿಯ ಕಂಪನಿಯಲ್ಲಿ ನಟರಾಗಲು ಸಾಧ್ಯವಾಯಿತು.

ವೀರಣ್ಣನವರು ಸ್ವತಃ ಚಿಕ್ಕ ಹುಡುಗನಾಗಿ ಕಂಪನಿಗೆ ಸೇರಿ ಕೊನೆಗೆ ಅದರ ಮಾಲೀಕರಾದವರು. 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದವರು. ಆ ಆನೆ ನಮ್ಮ ಹಳ್ಳಿಗಳಿಗೆ ಬರಲಿಲ್ಲ, 'ಕುರುಕ್ಷೇತ್ರ' ಬಂತು. ಇವತ್ತಿಗೂ ಮೈಸೂರು, ಮಂಡ್ಯ, ಚಾಮರಾಜನಗರದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ರಾತ್ರಿ ಪ್ರಾಕ್ಟೀಸ್ ಮಾಡಿ, ಸೀನರಿ ಬಾಡಿಗೆಗೆ ತಂದು ಪೌರಾಣಿಕ ನಾಟಕ ಆಡುತ್ತಾರೆ. ಇಲ್ಲೊಂದು ತಮಾಷೆಯಿದೆ. ಪಾರ್ಟು ಮಾಡುವವನಿಗೆ ಯಾರೂ ಸಂಬಳ ಕೊಡೋದಿಲ್ಲ, ಅವನೇ ದುಡ್ಡು ಹಾಕಬೇಕು. ಕೃಷ್ಣ, ದುರ್ಯೋಧನನಿಗೆ ಜಾಸ್ತಿ, ದೂತನಿಗೆ ಕಮ್ಮಿ. ನಮ್ಮಪ್ಪ ಶಕುನಿಯ ಪಾರ್ಟಿಗೆ ಕೊಟ್ಟ ದುಡ್ಡಿನ ಬಗ್ಗೆ ಅಮ್ಮ ಇನ್ನೂ ಮಾತಾಡುತ್ತಾಳೆ. ಶುಲ್ಕ ಕೊಟ್ಟು ನಟನೆ ಕಲಿಯುವುದು ಪಟ್ಟಣದವರ ಖಯಾಲಿ ಅಂದುಕೊಂಡವರು ಒಮ್ಮೆ ನಮ್ಮ ಕಡೆಯ ಲೆಕ್ಕದ ಪುಸ್ತಕ ನೋಡಬೇಕು.

ಕಂಪನಿ ಜಾತಿ ಕೇಳುತ್ತಿದ್ದದ್ದು ಕಮ್ಮಿ. ಹೆಣ್ಣುಮಕ್ಕಳನ್ನು ರಂಗಕ್ಕೆ ತಂದ ಮೊದಮೊದಲ ಕಂಪನಿಗಳಲ್ಲಿ ಗುಬ್ಬಿಯದೂ ಒಂದು. ಬಿ. ಜಯಮ್ಮನಂಥ ನಟಿ ಬೆಳೆದದ್ದು ಅಲ್ಲೇ. ಆದರೆ ಕಂಪನಿ ಬಾಲ್ಯವನ್ನು ಕೇಳುತ್ತಿತ್ತು. ಶಾಲೆ ಬಿಟ್ಟು, ಊರು ಬಿಟ್ಟು, ಊಟ ಬಟ್ಟೆಗೆ ದುಡಿಯುತ್ತಾ ಕಲಿಯಬೇಕು. ಗೆದ್ದವರ ಹೆಸರು ನಮಗೆ ಗೊತ್ತು. ಟೆಂಟು ಸುತ್ತಿದ ಮೇಲೆ ಕೈಯಲ್ಲಿ ಕಾಸೂ ಇಲ್ಲದೆ, ಸರ್ಟಿಫಿಕೇಟೂ ಇಲ್ಲದೆ ಊರಿಗೆ ಬಂದವರ ಪಟ್ಟಿಯನ್ನು ಯಾರೂ ಬರೆದಿಟ್ಟಿಲ್ಲ.

ಈಗ ಅರ್ಜಿಗೆ ಬರೋಣ. ರಾಜ್‌ಕುಮಾರ್ ಹುಟ್ಟಿದ 1929ರಲ್ಲೇ ದಕ್ಷಿಣ ಕನ್ನಡದ ಬಾಬುಕೋಡಿಯಲ್ಲಿ ಇನ್ನೊಬ್ಬ ಹುಡುಗ ಹುಟ್ಟಿದ. ಅವನೂ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ. ಈ ಹುಡುಗನನ್ನು ವೀರಣ್ಣನವರು ಓದಿಗೆಂದು ಕಾಶಿಗೆ ಕಳಿಸಿದರು. ಅಲ್ಲಿ ಎಂ.ಎ., ಜೊತೆಗೆ ಓಂಕಾರನಾಥ ಠಾಕೂರರ ಬಳಿ ಸಂಗೀತ. ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಅವರೇ ಬಿ.ವಿ. ಕಾರಂತ. 1959ರಲ್ಲಿ ಶುರುವಾದ ಆ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದವರು 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣಕ್ಕೆ ಮೊದಲ ನಿರ್ದೇಶಕರಾದರು. ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥೆಯ ಹೆಸರು 'ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ'. ಹಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುತ್ತಿರುವ ನಮ್ಮಂಥವರು ಆ ಹೆಸರು ನೋಡಿದರೇ ಪುಸ್ತಕ ಕೊಳ್ಳುತ್ತೇವೆ.

ಒಂದೇ ವರ್ಷ ಹುಟ್ಟಿ, ಒಂದೇ ಕಂಪನಿಯ ಅನ್ನ ಉಂಡ ಇಬ್ಬರು. ಒಬ್ಬರಿಗೆ ಕಂಪನಿಯೇ ಕೊನೆಯ ಶಾಲೆಯಾಯಿತು, ಇನ್ನೊಬ್ಬರಿಗೆ ಮೊದಲ ಶಾಲೆಯಾಯಿತು. ಕಂಪನಿಯ ಮಾಲೀಕರೇ ಹುಡುಗನನ್ನು ಮುಂದೆ ಓದಲಿ ಅಂತ ಕಳಿಸಿಕೊಟ್ಟರು ಅನ್ನೋದನ್ನು ಗಮನಿಸಿ. ಇಷ್ಟೇ ಅಲ್ಲ, ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ, ಕಂಪನಿಯ ಪರದೆಗಳ ನಡುವೆಯೇ ಬೆಳೆದವರು, ಅವರೂ ದೆಹಲಿಯ ಅದೇ ನಾಟಕ ಶಾಲೆಗೆ ಹೋಗಿ ಕಲಿತು ಬಂದರು. ಮನೆಯಲ್ಲೇ ನಾಟಕ ಇದ್ದವರಿಗೂ ಶಾಲೆಯಲ್ಲಿ ಕಲಿಯುವುದು ಏನೋ ಇತ್ತು ಅಂತಾಯಿತು.

ದೆಹಲಿ ದೂರ, ಭಾಷೆ ಬೇರೆ. ಹಳ್ಳಿಯ ಮಕ್ಕಳ ಮಟ್ಟಿಗೆ ನಿಜವಾದ ತಿರುವು ಹೆಗ್ಗೋಡಿನದು. ಸಾಗರ ತಾಲೂಕಿನ ಆ ಅಡಿಕೆ ತೋಟಗಳ ಊರಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಅದರ ಹಿಂದಿದ್ದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶೇಕ್ಸ್‌ಪಿಯರ್, ಕಾಳಿದಾಸ ಇಬ್ಬರನ್ನೂ ಕನ್ನಡದಲ್ಲೇ, ಹಳ್ಳಿಯಲ್ಲೇ ಕಲಿಯಬಹುದು ಅಂತ ಅದು ತೋರಿಸಿಕೊಟ್ಟಿತು. ಮಂಡ್ಯ ರಮೇಶ್ ನೀನಾಸಂನಲ್ಲಿ ಕಲಿತು, ರಂಗಾಯಣದಲ್ಲಿ ಪಳಗಿ, ಮೈಸೂರಿನಲ್ಲಿ 'ನಟನ' ಕಟ್ಟಿದರು. ಸತೀಶ್ ಅವರಂತೂ ಆ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡುಬಿಟ್ಟರು.

ಆಮೇಲೆ ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೇ ಒಂದು ವಿಶ್ವವಿದ್ಯಾಲಯ ಬಂತು. ಅದಕ್ಕಿಟ್ಟದ್ದು ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರು. ಪ್ರಾಥಮಿಕ ಶಾಲೆಯಿಂದ ಮುಂದೆ ಓದದ ಗಂಗೂಬಾಯಿ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಬಳಿ ಪಾಠ ಹೇಳಿಸಿಕೊಂಡವರು. ಅವರ ಹೆಸರಿನ ವಿಶ್ವವಿದ್ಯಾಲಯ ಇವತ್ತು ಪದವಿ ಕೊಡುತ್ತದೆ. ಇದರಲ್ಲಿ ವ್ಯಂಗ್ಯ ಹುಡುಕುವವರು ಹುಡುಕಲಿ. ನನಗೆ ಕಾಣೋದು ಇಷ್ಟು: ಆ ರೈಲಿನ ಓಡಾಟವೂ ಓದೇ ಅಂತ ಒಂದು ರಾಜ್ಯ ಒಪ್ಪಿಕೊಳ್ಳೋದಕ್ಕೆ ಅಷ್ಟು ಕಾಲ ಹಿಡಿಯಿತು.

ಹಾಗಾದರೆ ನಮ್ಮ ತಂಬೂರಿಗೆ ಆ ಒಪ್ಪಿಗೆ ಸಿಕ್ಕಿತೇ? ಅರ್ಧ ಸಿಕ್ಕಿತು. 1968ರಲ್ಲಿ ಮೈಸೂರು ವಿಶ್ವವಿದ್ಯಾಲಯ ಜಾನಪದ ವಸ್ತುಸಂಗ್ರಹಾಲಯ ಮಾಡಿತು. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಅವರಂಥ ವಿದ್ವಾಂಸರು ನಮ್ಮ ಸೀಮೆಯ ಹಾಡುಗಾರರ ಮುಂದೆ ಕೂತು ಕೇಳಿ ಬರೆದುಕೊಂಡರು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ಕಾವ್ಯಗಳನ್ನು ದೊಡ್ಡ ದೊಡ್ಡ ಸಂಪುಟಗಳಾಗಿ ತಂದಿತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಾದೇಶ್ವರ ಕಾವ್ಯ ಇಂಗ್ಲಿಷಿಗೂ ಹೋಗಿ ಸಾಹಿತ್ಯ ಅಕಾಡೆಮಿಯಿಂದ ಅಚ್ಚಾಯಿತು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಆಯಿತು. ಇದೆಲ್ಲ ಸಣ್ಣ ಕೆಲಸವಲ್ಲ. ಆದರೆ ಹಾಡು ಸಿಲಬಸ್ಸಿಗೆ ಬಂದಷ್ಟು ಸುಲಭವಾಗಿ ಹಾಡುವವನ ಮನೆಯ ಮಕ್ಕಳು ಕ್ಲಾಸಿಗೆ ಬರಲಿಲ್ಲ. ಕರ್ನಾಟಕ ಸಂಗೀತ ಕಲಿತವರಿಗೆ ಜೂನಿಯರ್, ಸೀನಿಯರ್, ವಿದ್ವತ್ ಅಂತ ಮೆಟ್ಟಿಲಿತ್ತು, ಎಸ್ಸೆಸ್ಸೆಲ್ಸಿ ಮಂಡಳಿಯವರೇ ವರ್ಷಗಳ ಕಾಲ ಆ ಪರೀಕ್ಷೆ ನಡೆಸಿದರು. ಅರ್ಜಿಯ 'ಪ್ರಮಾಣಪತ್ರ' ಕಾಲಂ ಹುಟ್ಟಿದ್ದು ಆ ಮೆಟ್ಟಿಲು ಹತ್ತಿದವರನ್ನು ನೆನೆದು. ನೀಲಗಾರರಿಗೆ ಜೂನಿಯರ್, ಸೀನಿಯರ್ ಇಲ್ಲ. ವಯಸ್ಸಾದ ಮೇಲೆ ಸರ್ಕಾರದ ಕಲಾವಿದರ ಮಾಸಾಶನಕ್ಕೆ ಹೋದರೆ ಅಲ್ಲೂ ದಾಖಲೆ ಬೇಕು. ಜೀವನಪೂರ್ತಿ ಹಾಡಿದವರು ತಾವು ಹಾಡಿದ್ದಕ್ಕೆ ಕಾಗದ ಹುಡುಕಬೇಕು.

ಇಷ್ಟು ಓದಿದ ಮೇಲೆ ನಿಮಗೆ ಅರ್ಜಿಯ ಮೇಲೆ ಸಿಟ್ಟು ಬಂದಿರಬಹುದು. ನನಗೆ ಬರಲಿಲ್ಲ. ಯಾಕೆಂದರೆ ದೀಕ್ಷೆ ಕೊಡದ ಜಾಗವನ್ನು ಈ ಹುಡುಗಿಗೆ ಕೊಡಲು ತಯಾರಿರುವುದು ಆ ಅರ್ಜಿ ಮಾತ್ರ. ಅದು ಗಂಡೋ ಹೆಣ್ಣೋ ಅಂತ ಕೇಳುತ್ತದೆ, ಕೇಳಿ ಸುಮ್ಮನಾಗುತ್ತದೆ. ಯಾವ ಒಕ್ಕಲು ಅಂತ ಕೇಳೋದಿಲ್ಲ. ಬಾಲ್ಯ ಕೊಡು ಅನ್ನೋದಿಲ್ಲ. ಅದು ಕೇಳುವುದು ಇಷ್ಟೇ: ನಿನಗೆ ಗೊತ್ತಿರುವುದನ್ನು ನನಗೆ ಅರ್ಥವಾಗುವ ಭಾಷೆಯಲ್ಲಿ ಹೇಳು. ತಯಾರಿ ಅಂದರೆ ಮೊದಲು ಅದೇ.

ಸಿಇಟಿ ಬರೆದ ತಲೆಮಾರಿಗೆ ಇದು ಸ್ವಲ್ಪ ಕಷ್ಟ. ನಮಗೆ ರ‍್ಯಾಂಕು, ಕಟಾಫ್, ಹಳೇ ಪ್ರಶ್ನೆಪತ್ರಿಕೆ ಇದ್ದವು. ಇಲ್ಲಿ ಅದ್ಯಾವುದೂ ಇಲ್ಲ. ಸಾಮಾನ್ಯವಾಗಿ ನಡೆಯೋದು ಹೀಗೆ: ಮೊದಲೇ ಕಲಿತ ಒಂದೆರಡು ನಾಟಕದ ತುಣುಕು ಮಾಡಿ ತೋರಿಸಬೇಕು, ಒಂದು ಹಾಡು ಹೇಳಬೇಕು, ಅಲ್ಲೇ ಕೊಟ್ಟ ಸಂದರ್ಭವನ್ನು ಅಭಿನಯಿಸಬೇಕು, ಆಮೇಲೆ ಸಂದರ್ಶನ. ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಡಿಪ್ಲೊಮಾಗಾದರೆ ಪದವಿ ಆಗಿರಬೇಕು, ನಾಟಕಗಳಲ್ಲಿ ಭಾಗವಹಿಸಿದ್ದಕ್ಕೆ ದಾಖಲೆ ಬೇಕು, ಕೊನೆಯ ಸುತ್ತು ಕೆಲವು ದಿನಗಳ ಕಾರ್ಯಾಗಾರ. ನೀನಾಸಂ, ರಂಗಾಯಣದಂಥ ಕಡೆ ಒಂದು ವರ್ಷದ ಕೋರ್ಸು, ಪಾಠ ಕನ್ನಡದಲ್ಲಿ.

ನಾವು ಮಾಡಿದ್ದು ಇಷ್ಟು. ಮೊದಲು ಪಟ್ಟಿ. ಅವಳು ಎಲ್ಲೆಲ್ಲಿ, ಯಾವ ಜಾತ್ರೆಯಲ್ಲಿ, ಯಾರ ಹಿಮ್ಮೇಳದಲ್ಲಿ ಸೊಲ್ಲು ಹಿಡಿದಿದ್ದಾಳೆ, ಕಾಲೇಜಿನಲ್ಲಿ ಯಾವ ನಾಟಕ, ಯಾವ ಪಾತ್ರ. ಬರೆಯುತ್ತಾ ಹೋದರೆ ಎರಡು ಪುಟ ಆಯಿತು. ಆಮೇಲೆ ಅವಳಲ್ಲಿ ಇಲ್ಲದ್ದರ ಪಟ್ಟಿ. ನಾಟಕದ ಪುಸ್ತಕ ಓದಿದ್ದು ತೀರಾ ಕಡಿಮೆ. ಆದ್ದರಿಂದ ಕಾರ್ನಾಡರ 'ತುಘಲಕ್', 'ಹಯವದನ', ಕಂಬಾರರ 'ಜೋಕುಮಾರಸ್ವಾಮಿ', ಎಚ್.ಎಸ್. ಶಿವಪ್ರಕಾಶರ 'ಮಂಟೇಸ್ವಾಮಿ ಕಥಾಪ್ರಸಂಗ' ತಂದುಕೊಟ್ಟೆ. ಕೊನೆಯದನ್ನು ಓದಿ ಅವಳು ಫೋನು ಮಾಡಿದಳು. "ಮಾವ, ನಮ್ ತಾತ ಹೇಳೋ ಕಥೆನ ನಾಟಕ ಮಾಡವ್ರೆ, ಇದ್ರ ಮ್ಯಾಲೆ ನಾನ್ ಗಂಟೆಗಟ್ಲೆ ಮಾತಾಡ್ತೀನಿ" ಅಂದಳು. ಸಂದರ್ಶನದ ತಯಾರಿ ಅರ್ಧ ಅಲ್ಲಿಗೆ ಮುಗಿಯಿತು. ಮೈಸೂರಿಗೆ ಹೋಗಿ ರಂಗಾಯಣದಲ್ಲಿ ನಾಟಕ ನೋಡುವುದು ಇನ್ನರ್ಧ. ಆಡುವುದನ್ನು ಕೇಳಿ ಬೆಳೆದವಳಿಗೆ ಬೆಳಕು, ರಂಗಸಜ್ಜಿಕೆ, ಮೌನ, ಇವನ್ನು ನೋಡುವ ಅಭ್ಯಾಸ ಆಗಬೇಕಲ್ಲ.

ಮನೆಯಲ್ಲಿ ಎಲ್ಲ ಸಲೀಸಾಗಿರಲಿಲ್ಲ. ನಮ್ಮಕ್ಕನದು ಒಂದೇ ಮಾತು: "ನಾಟ್ಕಕ್ಕೂ ಕಾಲೇಜ್ ಅದಾ? ಅದ್ ಓದ್ಬುಟ್ಟು ಅನ್ನ ಏನ್ ತಿಂದಾಳು?" ಅಕ್ಕನ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿಲ್ಲ. ಹಾಡಿನ ಮನೆಗೆ ಸೊಸೆಯಾಗಿ ಹೋಗಿ, ರಾತ್ರಿ ಹಾಡಿ ಬೆಳಗ್ಗೆ ಕೂಲಿಗೆ ಹೋಗುವ ಮಾವನನ್ನು ಇಪ್ಪತ್ತು ವರ್ಷ ನೋಡಿದವಳು ಅವಳು. ರಂಗಶಿಕ್ಷಣ ಪಡೆದವರನ್ನು ಸರ್ಕಾರಿ ಶಾಲೆಗಳಿಗೆ ನಾಟಕದ ಮೇಷ್ಟ್ರಾಗಿ ತೆಗೆದುಕೊಂಡದ್ದುಂಟು, ಧಾರಾವಾಹಿ, ರೆಪರ್ಟರಿ, ಮಕ್ಕಳ ಶಿಬಿರ ಇವೆ ಅಂತ ಹೇಳಿದೆ. ಸಾಫ್ಟ್‌ವೇರಿನ ಸಂಬಳ ಅಲ್ಲಿಲ್ಲ ಅಂತಲೂ ಹೇಳಿದೆ. ಮುಚ್ಚಿಟ್ಟು ಒಪ್ಪಿಸುವುದರಲ್ಲಿ ಅರ್ಥವಿಲ್ಲ.

ಕೊನೆಗೆ ಉಳಿದದ್ದು ಹಾಡು. ಐದು ನಿಮಿಷದ ಹಾಡು ಬೇಕು ಅಂದಾಗ ತಾತ ನಕ್ಕುಬಿಟ್ಟರು. "ಐದ್ ನಿಮಿಷ್ಕೆ ತಂಬೂರಿ ಸುರುತಿ ಕೂಡದಿಲ್ಲ ಕನಪ್ಪ." ನಮ್ಮ ಸೀಮೆಯ ಕಥೆಯಲ್ಲಿ ಮಂಟೇಸ್ವಾಮಿ ನಿಡುಘಟ್ಟದ ಮುದ್ದಮ್ಮನ ಮನೆಗೆ ಹೋಗಿ ಅವಳ ಕಿರಿಮಗ ಕೆಂಪಾಚಾರಿಯನ್ನು ಕೇಳುತ್ತಾನೆ. ತಾಯಿ ಕೊಡೆನೆನ್ನುತ್ತಾಳೆ. ಆ ಹುಡುಗನೇ ಮುಂದೆ, ಹಲಗೂರಿನ ಪಾಂಚಾಳರ ಮುಂದೆ ಎಲ್ಲ ಪರೀಕ್ಷೆ ಗೆದ್ದು, ಸಿದ್ದಪ್ಪಾಜಿ ಆಗುವುದು. ರಾತ್ರಿಯಿಡೀ ಹಾಡುವ ಕಥೆಯಲ್ಲಿ ತಾತ ಮೊಮ್ಮಗಳಿಗೆ ಆರಿಸಿಕೊಟ್ಟದ್ದು ಮುದ್ದಮ್ಮ ಇಲ್ಲ ಅನ್ನುವ ಆ ಭಾಗ. ಒಂದು ವಾರ ಕೂರಿಸಿಕೊಂಡು, ಎಲ್ಲಿ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಹೇಳಿಕೊಟ್ಟರು. ತಂಬೂರಿಯನ್ನೂ ಅವಳ ಕೈಗೆ ಕೊಟ್ಟರು. ದೀಕ್ಷೆ ಗೀಕ್ಷೆ ಮಾತು ಯಾರೂ ಎ‍ತ್ತಲಿಲ್ಲ. ಅಡುಗೆಮನೆಯಲ್ಲಿ ಕೂತು ಕೇಳುತ್ತಿದ್ದ ಅಕ್ಕ, ಮರುದಿನ ಅರ್ಜಿಯ ಶುಲ್ಕ ಎಷ್ಟು ಅಂತ ಕೇಳಿದಳು.

'ಹಿಂದಿನ ತರಬೇತಿ' ಕಾಲಮ್ಮಿನಲ್ಲಿ ನಾವು ತಾತನ ಹೆಸರು ಬರೆದೆವು. ಸಂಸ್ಥೆ: ನೀಲಗಾರ ಪರಂಪರೆ, ಕೊಳ್ಳೇಗಾಲ ತಾಲೂಕು. ಅವಧಿ: ಹದಿನೈದು ವರ್ಷ. ಪ್ರಮಾಣಪತ್ರ ಅನ್ನುವಲ್ಲಿ 'ಹಾಡಿ ತೋರಿಸುತ್ತೇನೆ' ಅಂತ ಅವಳೇ ಟೈಪ್ ಮಾಡಿದಳು. ಸಂದರ್ಶನಕ್ಕೆ ಕರೆ ಬಂದಿದೆ. ತಂಬೂರಿಗೆ ಬಸ್ಸಿನಲ್ಲಿ ಪೆಟ್ಟಾಗಬಾರದು ಅಂತ ತಾತ ಹಳೇ ಕಂಬಳಿಯ ಚೀಲ ಹೊಲಿಸುತ್ತಿದ್ದಾರೆ.